ಸ್ವಲ್ಪ ಸೌಂಡ್ ಕೇಳಿ ಸಾರ್

ಗಾಡಿ ಮಾರುವಾಗ ಫಾರಂ 29, ಫಾರಂ 30 ಅಂತ ಎರಡು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಇನ್ನು ಮೇಲೆ ಅದಕ್ಕೂ ನಿನಗೂ ಸಂಬಂಧ ಇಲ್ಲ ಅಂತ ಅದರ ಅರ್ಥ. ನಾನು ಎರಡಕ್ಕೂ ಸಹಿ ಹಾಕಿದ್ದೇನೆ. ಆರ್.ಸಿ. ಅವನ ಹೆಸರಿಗೆ ಹೋಗಿದೆ. ಇನ್ಶೂರೆನ್ಸ್ ಅವನೇ ಕಟ್ಟುತ್ತಾನೆ. ಆದರೆ ಗಾಡಿ ಸ್ಟಾರ್ಟ್ ಆಗದೆ ನಿಂತಾಗ ಮಾತ್ರ ಅದು ಇವತ್ತಿಗೂ ನನ್ನದೇ.

ನನ್ನ ಹಳೆ ಯೆಜ್ಡಿ ಬೈಕ್ ತೆಗೆದುಕೊಂಡವನು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ. ಒಳ್ಳೆಯವನೇ. ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡದೆ ದುಡ್ಡು ಎಣಿಸಿಕೊಡುವವರ ಬಗ್ಗೆ ಸ್ವಲ್ಪ ಹುಷಾರಾಗಿರಬೇಕು. ಬಾಕಿಯನ್ನು ಆಮೇಲೆ ನಿಧಾನಕ್ಕೆ ವಸೂಲು ಮಾಡುತ್ತಾರೆ. ವಾರವೆಲ್ಲ ಅವನಿಗೆ ಆಫೀಸು. ಗಾಡಿ ಹೊರಗೆ ತೆಗೆಯುವುದು ಭಾನುವಾರ. ಹಾಗಾಗಿ ಭಾನುವಾರ ಬೆಳಗ್ಗೆ ಆರೂವರೆ ಅಂದರೆ ಅವನ ಫೋನ್. ನಾನಿನ್ನೂ ಬ್ರಷ್ ಬಾಯಲ್ಲಿಟ್ಟುಕೊಂಡಿರುತ್ತೇನೆ.

"ಸಾರ್, ಡಿಸ್ಟರ್ಬ್ ಮಾಡಿದ್ನಾ?"

ಈ ಪ್ರಶ್ನೆಗೆ ಹೌದು ಅಂದವರನ್ನು ನಾನಂತೂ ನೋಡಿಲ್ಲ. "ಇಲ್ಲಪ್ಪ, ಹೇಳು" ಅನ್ನುತ್ತೇನೆ.

"ಸ್ವಲ್ಪ ಸೌಂಡ್ ಕೇಳಿ ಸಾರ್."

ಹೀಗೆ ಅಂದವನೇ ಫೋನನ್ನು ಸೈಲೆನ್ಸರ್ ಬಾಯಿಗೆ ಹಿಡಿಯುತ್ತಾನೆ. ಯೆಜ್ಡಿಗೆ ಇಂಜಿನ್ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಒಂದಕ್ಕೆ ಹಿಡಿದು ಬಿಟ್ಟರೆ ಇನ್ನೊಂದಕ್ಕೆ ಅನ್ಯಾಯ ಅಲ್ವಾ? ಮೊದಲು ಬಲಗಡೆಯದು. ಆಮೇಲೆ ಅವನು ಗಾಡಿ ಸುತ್ತಿ ಬರುವ ಚಪ್ಪಲಿ ಸದ್ದು. ಆಮೇಲೆ ಎಡಗಡೆಯದು. ಇಲ್ಲಿ ನನಗೆ ಏನೂ ಕೇಳಿಸುವುದಿಲ್ಲ. ಈಗಿನ ಫೋನುಗಳು ಮನುಷ್ಯರ ಮಾತು ಉಳಿಸಿಕೊಂಡು ಉಳಿದ ಗದ್ದಲವನ್ನು ಅಳಿಸಿ ಹಾಕುತ್ತವೆ. ಅವುಗಳ ಲೆಕ್ಕದಲ್ಲಿ ಯೆಜ್ಡಿ ಗದ್ದಲ. ಆದ್ದರಿಂದ ಇಂಜಿನ್ ಸದ್ದು ಪೂರ್ತಿ ಮಾಯ. ಮೇಲಿನ ಬಾಲ್ಕನಿಯಿಂದ ಯಾರೋ ಹೆಂಗಸು "ಭಾನುವಾರನೂ ಮಲಗೋಕೆ ಬಿಡಲ್ವಲ್ಲೋ" ಅನ್ನುವುದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ.

"ಕೇಳಿಸ್ತಾ ಸಾರ್?"

"ಕೇಳಿಸ್ತು." ಸುಳ್ಳಲ್ಲ. ಆಯಮ್ಮನ ಮಾತು ಕೇಳಿಸಿದೆ.

"ಏನನ್ಸುತ್ತೆ?"

"ಪ್ಲಗ್ ಬಿಚ್ಚಿ ನೋಡಪ್ಪ."

ಟೂ ಸ್ಟ್ರೋಕ್ ಗಾಡಿ ವಿಷಯದಲ್ಲಿ ಇದೊಂದು ಮಾತು ಕಲಿತರೆ ಸಾಕು, ಜನ ನಿಮ್ಮನ್ನು ಪಂಡಿತ ಅಂದುಕೊಳ್ಳುತ್ತಾರೆ. ಪೆಟ್ರೋಲ್ ಜೊತೆ ಆಯಿಲ್ ಕೂಡ ಉರಿಯಬೇಕಾದ ಇಂಜಿನ್ ಅದು. ಮಸಿ ಕಟ್ಟುವುದು ಅದರ ಹುಟ್ಟುಗುಣ. ಪ್ಲಗ್ ತುದಿ ಬಿಸ್ಕೆಟ್ ಬಣ್ಣಕ್ಕಿದ್ದರೆ ಸರಿ. ಕಪ್ಪಗೆ ಜಿಡ್ಡು ಹಿಡಿದಿದ್ದರೆ ಆಯಿಲ್ ಜಾಸ್ತಿ. ಬೆಳ್ಳಗೆ ಬಿಳಚಿಕೊಂಡಿದ್ದರೆ ಗಾಳಿ ಜಾಸ್ತಿ, ಇಂಜಿನ್ ಕಾಯುತ್ತಿದೆ ಅಂತ. ಇಷ್ಟನ್ನು ನಾನು ಅವನಿಗೆ ಭಾನುವಾರ ಭಾನುವಾರ ಹೇಳುತ್ತಾ ಬಂದಿದ್ದೇನೆ. ಅವನು ಪ್ರತಿ ಸಲವೂ ಹೊಸದಾಗಿ ಕೇಳಿದವನಂತೆ "ಓಹ್, ಹೌದಾ ಸಾರ್" ಅನ್ನುತ್ತಾನೆ. ಐದು ನಿಮಿಷಕ್ಕೆ ವಾಟ್ಸಾಪ್‌ನಲ್ಲಿ ಪ್ಲಗ್‌ನ ಫೋಟೋ ಬರುತ್ತದೆ. ಕೆಳಗೆ, ಇದು ಬಿಸ್ಕೆಟ್ ಬಣ್ಣವೋ ಅಲ್ಲವೋ ಅಂತ ಪ್ರಶ್ನೆ. ಯಾವ ಬಿಸ್ಕೆಟ್ ಅಂತಲೂ ಒಮ್ಮೆ ಕೇಳಿದ್ದ.

ಇದಾದರೂ ತಡೆದುಕೊಳ್ಳಬಹುದು. ನನಗೆ ಉರಿಯುವುದು ಅವನ ಒರಿಜಿನಲ್ ಹುಚ್ಚಿಗೆ. ಗಾಡಿ ಫ್ಯಾಕ್ಟರಿಯಿಂದ ಬಂದಾಗ ಹೇಗಿತ್ತೋ ಹಾಗೇ ಇರಬೇಕಂತೆ. ನಾನು ಓಡಿಸುತ್ತಿದ್ದ ಕಾಲದಲ್ಲಿ ಗಾಡಿ ಒರಿಜಿನಲ್ ಆಗಿರುವುದಕ್ಕಿಂತ ಆಫೀಸಿಗೆ ತಲುಪುವುದು ಮುಖ್ಯವಾಗಿತ್ತು. 1996ರಲ್ಲಿ ಫ್ಯಾಕ್ಟರಿಯೇ ಮುಚ್ಚಿದ ಮೇಲೆ ಪಾರ್ಟ್ಸ್ ಸಿಗುವುದು ಕಷ್ಟವಾಯಿತು. ಹಾರ್ನ್ ಒಂದು ಸ್ಕೂಟರಿನದು ಹಾಕಿಸಿದೆ. ಕನ್ನಡಿ ಯಾವುದೋ ಮೊಪೆಡ್‌ನದು. ಸೀಟಿನ ರೆಕ್ಸಿನ್ ನಮ್ಮ ಮನೆ ಸೋಫಾದ್ದೇ ಉಳಿದಿತ್ತು. ಈಗ ಅವನು ಒಂದೊಂದನ್ನೂ ಬಿಚ್ಚಿ ನನ್ನನ್ನು ಕಟಕಟೆಗೆ ಹತ್ತಿಸುತ್ತಾನೆ.

"ಸಾರ್, ಒರಿಜಿನಲ್ ಹಾರ್ನ್ ಎಲ್ಲಿ ಹೋಯ್ತು?"

ಸವೆದು ಹೋದ ಹಾರ್ನ್ ಎಲ್ಲಿಗೆ ಹೋಗುತ್ತದೆ? ಹಳೆ ಪೇಪರ್‌ನವನ ಸೈಕಲ್ ಏರಿ ಹೋಗುತ್ತದೆ. ಹಾಗೆಂದರೆ ಅವನಿಗೆ ಬೇಜಾರು. "ಅಯ್ಯೋ ಸಾರ್" ಅಂತ ಒಂದು ಉಸಿರು ಬಿಡುತ್ತಾನೆ. ಟೂಲ್‌ಬಾಕ್ಸ್ ಬೀಗದ ಕೀ ಬಗ್ಗೆಯಂತೂ ಅವನ ವಿಚಾರಣೆ ಇನ್ನೂ ಮುಗಿದಿಲ್ಲ.

ಸಾಲದ್ದಕ್ಕೆ ನನಗೇ ಇತಿಹಾಸ ಪಾಠ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ ಕಟ್ಟಿದ್ದು ಇರಾನಿ ಅನ್ನುವ ಮನೆತನದವರು, 1961ರಲ್ಲಿ ಜಯಚಾಮರಾಜ ಒಡೆಯರ್ ಬಂದು ಉದ್ಘಾಟನೆ ಮಾಡಿದರು, 1973ರಲ್ಲಿ ಜಾವಾ ಹೆಸರು ಬಿಟ್ಟು ಯೆಜ್ಡಿ ಅಂತ ಶುರು ಮಾಡಿದರು, ನಿಮಗೆ ಗೊತ್ತಾ ಸಾರ್ ಅನ್ನುತ್ತಾನೆ. ನಾನು ಮೈಸೂರಿನವನು. ಶಿಫ್ಟ್ ಬಿಟ್ಟಾಗ ಆ ಗೇಟಿನಿಂದ ಹೊರಗೆ ಬರುತ್ತಿದ್ದ ಜನರ ನಡುವೆ ಸೈಕಲ್ ನುಗ್ಗಿಸಲಾಗದೆ ನಿಂತವನು. ಇವನು ಆಗ ಹುಟ್ಟೂ ಇರಲಿಲ್ಲ.

ಗಾಡಿಯ ಗುಣ ಹೇಳಬೇಕೆಂದರೆ ಅದರ ಕಿಕ್ಕರ್‌ನಿಂದಲೇ ಶುರು ಮಾಡಬೇಕು. ಏಕೆಂದರೆ ಕಿಕ್ಕರ್ ಕಾಣಿಸುವುದೇ ಇಲ್ಲ. ಎಡಗಡೆ ಇರುವ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಒದ್ದು ಸ್ಟಾರ್ಟ್ ಮಾಡಿ ವಾಪಸ್ ತಂದರೆ ಗೇರ್. ಒಮ್ಮೆ ಪಕ್ಕದ ಬೀದಿಯ ಪರಿಚಯದವರೊಬ್ಬರು ಅರ್ಜೆಂಟು ಅಂತ ಗಾಡಿ ಕೇಳಿದರು. ನಾನೇ ಸ್ಟಾರ್ಟ್ ಮಾಡಿ ಕೊಟ್ಟೆ. ದೇವರಾಜ ಮಾರ್ಕೆಟ್ ಹತ್ತಿರ ನಿಲ್ಲಿಸಿ ಕೆಲಸ ಮುಗಿಸಿ ಬಂದು ನೋಡುತ್ತಾರೆ, ಗಾಡಿಗೆ ಕಿಕ್ಕರೇ ಇಲ್ಲ. ಯಾರೋ ಬಿಚ್ಚಿಕೊಂಡು ಹೋದರು ಅಂತ ಅಲ್ಲೇ ಕೂಗಾಡಿದ್ದಾರೆ. ಹೂವಿನವರು, ಬಾಳೆಹಣ್ಣಿನವರು ಎಲ್ಲ ಸೇರಿ ಕಳ್ಳನನ್ನು ಹುಡುಕಿದ್ದಾರೆ. ಆಮೇಲೆ ಬಿಸಿಲಲ್ಲಿ ಮನೆವರೆಗೆ ತಳ್ಳಿಕೊಂಡು ಬಂದು, ಬೆವರು ಒರೆಸಿಕೊಳ್ಳುತ್ತಾ, "ಹೊಸ ಕಿಕ್ಕರ್ ನಾನೇ ಹಾಕಿಸಿಕೊಡ್ತೀನಿ, ಬೇಜಾರು ಮಾಡ್ಕೋಬೇಡಿ" ಅಂದರು. ನಾನು ಲಿವರ್ ತಿರುಗಿಸಿ ಒಂದು ಒದೆ ಕೊಟ್ಟೆ. ಡುಗ್ ಡುಗ್ ಅಂತ ಎದ್ದಿತು. ಅವರು ಆಮೇಲೆ ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಮನೆಯಲ್ಲಿ ಅದಕ್ಕೆ ಒಂದೇ ಒಂದು ದೂರು. ಸೈಲೆನ್ಸರಿನಿಂದ ಸಿಡಿಯುತ್ತಿದ್ದ ಎಣ್ಣೆಹನಿ ನನ್ನ ಹೆಂಡತಿಯ ಸೀರೆ ಅಂಚಿಗೆಲ್ಲ ಕಪ್ಪು ಚುಕ್ಕೆ ಇಡುತ್ತಿತ್ತು. ಮದುವೆಮನೆಗೆ ಹೋಗುವಾಗ ಅವಳು ಅಂಚನ್ನು ಎತ್ತಿ ಕೈಯಲ್ಲಿ ಹಿಡಿದೇ ಕೂರುತ್ತಿದ್ದಳು. ಅಷ್ಟಿದ್ದರೂ, ಸಂಜೆ ನಾನು ಬೀದಿ ತಿರುವಿಗೆ ಬರುವಷ್ಟರಲ್ಲಿ ಸದ್ದು ಕೇಳಿ ಕಾಫಿಗೆ ಹಾಲಿಡುತ್ತಿದ್ದವಳೂ ಅವಳೇ. ಈಗ ಬ್ಯಾಟರಿ ಸ್ಕೂಟರ್. ಸದ್ದಿಲ್ಲ. ಬಂದು ಸೋಫಾದಲ್ಲಿ ಕೂತು ಅರ್ಧ ಗಂಟೆಯಾದ ಮೇಲೆ, "ರೀ, ಯಾವಾಗ ಬಂದ್ರಿ?" ಅನ್ನುತ್ತಾಳೆ.

ಆ ಸದ್ದನ್ನು ನಿಜವಾಗಿ ಓದಬಲ್ಲವರು ನಮ್ಮ ಮೇಸ್ತ್ರಿ ಒಬ್ಬರೇ. ಅದೇ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ದವರು. ಮುಚ್ಚಿದ ಮೇಲೆ ಮನೆ ಮುಂದೆಯೇ ಒಂದು ಬೆಂಚು ಹಾಕಿಕೊಂಡಿದ್ದರು. ಗಾಡಿ ನಿಲ್ಲಿಸಿದರೆ ಮೊದಲು ಏನನ್ನೂ ಮುಟ್ಟುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ಎರಡೂ ಸೈಲೆನ್ಸರಿನ ಮುಂದೆ ಒಂದೊಂದು ಅಂಗೈ ಹಿಡಿಯುತ್ತಿದ್ದರು. ಕಣ್ಣು ಬೀದಿ ಕಡೆ. "ಎಡಗಡೆ ಉಸಿರು ಕಡಿಮೆ" ಅನ್ನುತ್ತಿದ್ದರು. ಬಿಚ್ಚಿ ನೋಡಿದರೆ ಎಡಗಡೆಯ ಕೊಳವೆಯಲ್ಲೇ ಮಸಿ ಕಟ್ಟಿರುತ್ತಿತ್ತು. ದುಡ್ಡು ಎಷ್ಟು ಅಂದರೆ "ಇರಲಿ ಬಿಡಿ, ನಮ್ಮದೇ ಗಾಡಿ" ಅನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಹೊಸ ಹುಡುಗರ ಹತ್ತಿರ ತೆಗೆದುಕೊಂಡು ಹೋದೆ. ಅವರು ಗಾಡಿ ಜೊತೆ ಸೆಲ್ಫಿ ತೆಗೆದುಕೊಂಡರು. ರಿಪೇರಿ ಆಗಲಿಲ್ಲ.

ಹಾಗಂತ ಆ ದುಃಖಕ್ಕೆ ಮಾರಿದೆ ಅಂದುಕೊಳ್ಳಬೇಡಿ. ಮಾರಿದ್ದು ಮಂಡಿನೋವಿಗೆ. ಎಡಗಾಲಲ್ಲೇ ಒದೆಯಬೇಕು, ಚಳಿಗಾಲದಲ್ಲಿ ಅದು ಒಂದೆರಡು ಒದೆಗೆಲ್ಲ ಬಗ್ಗುವ ಪೈಕಿ ಅಲ್ಲ. ಡಾಕ್ಟರು ಎಕ್ಸ್‌ರೇ ನೋಡಿ, "ಗಾಡಿ ಬದಲಾಯಿಸ್ತೀರೋ, ಮಂಡಿ ಬದಲಾಯಿಸ್ತೀರೋ ನೀವೇ ಹೇಳಿ" ಅಂದರು. ಗಾಡಿ ಬದಲಾಯಿಸುವುದು ಅಗ್ಗ. ಆಗ "ಈ ಹೊಗೆಡಬ್ಬಾ ಇನ್ನೂ ಯಾಕೆ ಇಟ್ಕೊಂಡಿದೀರಿ" ಅಂದವರೇ ಈಗ ಸಿಕ್ಕಿದಲ್ಲೆಲ್ಲ "ಇಟ್ಕೊಂಡಿದ್ರೆ ಈಗ ಎಷ್ಟು ರೇಟು ಗೊತ್ತಾ" ಅನ್ನುತ್ತಾರೆ. ಇವರಿಗೆಲ್ಲ ನಾನು ಉತ್ತರ ಕೊಡುವುದು ನಿಲ್ಲಿಸಿದ್ದೇನೆ.

ಹುಡುಗನಿಗೆ ಮಾತ್ರ ಕೊಡಲೇಬೇಕು. ನಿನ್ನೆ ಭಾನುವಾರವಲ್ಲ, ಆದರೂ ಫೋನ್. ರಾತ್ರಿ ಊಟಕ್ಕೆ ಕೂತಿದ್ದೆ.

"ಸಾರ್, ಸ್ವಲ್ಪ ಸೌಂಡ್ ಕೇಳ್ತೀರಾ?"

"ಇವತ್ತು ಶುಕ್ರವಾರ ಅಲ್ವೇನಪ್ಪ? ಗಾಡಿ ತೆಗೆದಿದ್ಯಾ?"

"ಅದಲ್ಲ ಸಾರ್, ಇದು ನಿಮ್ ಗಾಡಿ ಅಲ್ಲ. ಇನ್ನೊಂದು ಹಳೇ ಜಾವಾ ತಗೊಂಡೆ. ಮಾರಿದವ್ರು ಫೋನೇ ಎತ್ತಲ್ಲ. ಅದಕ್ಕೇ ನಿಮಗೆ ಮಾಡ್ದೆ."

ಅವರು ಬುದ್ಧಿವಂತರು. ನಾನು ತುತ್ತು ಬಿಟ್ಟು ಫೋನ್ ಕಿವಿಗೆ ಒತ್ತಿ ಹಿಡಿದೆ. ಒಂದು ಕಡೆ ಚಪ್ಪಲಿ ಸದ್ದು, ಬಾಲ್ಕನಿಯ ಆಯಮ್ಮ, ಮತ್ತೆ ಚಪ್ಪಲಿ ಸದ್ದು.

"ಫೋನ್ ಜೇಬಲ್ಲಿಟ್ಟು ಎರಡೂ ಸೈಲೆನ್ಸರಿಗೆ ಕೈ ಹಿಡಿದು ನೋಡು" ಅಂದೆ. "ಯಾವ ಕಡೆ ಉಸಿರು ಕಡಿಮೆ?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಲಗಡೆ ಸಾರ್" ಅಂದ.

"ಬಿಚ್ಚಿ ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕು. ಕೈಗೆ ಗ್ಲೌಸ್ ಹಾಕ್ಕೋ. ಭಾನುವಾರ ಮಾಡಬೇಡ, ಫೋನು."