ಘಟ್ಟಕ್ಕೂ ಸೊನ್ನೆ, ಕರಾವಳಿಗೂ ಸೊನ್ನೆ

ಉತ್ತರ ಕನ್ನಡ ಜಿಲ್ಲೆಗೆ ಒಪ್ಪುವ ಚುನಾವಣಾ ಸುಧಾರಣೆ ಯಾವುದೆಂಬ ಚರ್ಚೆ ಹಳೆಯದು. ನೌಕಾನೆಲೆ, ಬಂದರು, ಅಣುಸ್ಥಾವರಗಳನ್ನು ಹೊತ್ತ ಘಟ್ಟದ ಕೆಳಗಿನವರಿಗೆ ಬೇಕಾದದ್ದು ಒಂದು, ಅಡಿಕೆಗೆ ಕೊಳೆರೋಗ ಬಂದೀತೆಂದು ಆಷಾಢವಿಡೀ ಆಕಾಶ ನೋಡುವ ಘಟ್ಟದ ಮೇಲಿನವರಿಗೆ ಬೇಕಾದದ್ದು ಇನ್ನೊಂದು. ಇಬ್ಬರನ್ನೂ ತೃಪ್ತಿಪಡಿಸುವ ಗೆರೆಯೊಂದನ್ನು ಎಳೆಯಲು 2008ರ ಕ್ಷೇತ್ರ ಮರುವಿಂಗಡಣೆಯೂ ಯತ್ನಿಸಿತು. ಅಂಕೋಲಾ ಎಂಬ ವಿಧಾನಸಭಾ ಕ್ಷೇತ್ರ ಮಾಯವಾಗಿ ಯಲ್ಲಾಪುರ ಹುಟ್ಟಿತು, ಶಿರಸಿ ತಾಲ್ಲೂಕಿನ ಬನವಾಸಿ ಯಲ್ಲಾಪುರದ ಪಾಲಾಯಿತು, ಲೋಕಸಭೆಗೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳೂ ಜೊತೆಗಿದ್ದವು. ಭಟ್ಕಳದ ಅಲೆಯನ್ನೂ ಕಿತ್ತೂರಿನ ಹೊಲವನ್ನೂ ಒಬ್ಬನೇ ಸಂಸದ ಒಂದೇ ಉಸಿರಿನಲ್ಲಿ ಪ್ರತಿನಿಧಿಸಬೇಕಾಯಿತು. ಉಸಿರು ಎಷ್ಟು ದೂರ ಹೋಯಿತೋ ಅಷ್ಟು.

ಇಷ್ಟೆಲ್ಲ ತಲೆಕೆಡಿಸಿಕೊಂಡವರಿಗೆ ಹೊಳೆಯದ ಉಪಾಯ ರಾಜ್ಯ ಸರ್ಕಾರಕ್ಕೆ 2021ರಲ್ಲಿ ಹೊಳೆಯಿತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಐದು ವರ್ಷ ತುಂಬುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳ ಗೆರೆ ಎಳೆದು ಮೀಸಲಾತಿಯ ಕರಡನ್ನೂ ಮುಂದಿಟ್ಟಿದ್ದ ಹೊತ್ತಿನಲ್ಲಿ ಸರ್ಕಾರವು ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು, ಗೆರೆ ಎಳೆಯುವ ಕೋಲನ್ನು ಆಯೋಗದ ಕೈಯಿಂದ ಕಿತ್ತುಕೊಂಡು, ಹೊಸದಾಗಿ ರಚಿಸಿದ ಸೀಮಾ ನಿರ್ಣಯ ಆಯೋಗಕ್ಕೆ ಒಪ್ಪಿಸಿತು. ಕಾರಣ ಉದಾತ್ತವಾಗಿಯೇ ಇತ್ತು: ಗೆರೆ ನ್ಯಾಯವಾಗಿರಬೇಕು. ಅನ್ಯಾಯದ ಗೆರೆಯಲ್ಲಿ ಮತ ಹಾಕುವುದಕ್ಕಿಂತ ನ್ಯಾಯದ ಗೆರೆಗಾಗಿ ಕಾಯುವುದು ಮೇಲಲ್ಲವೇ? 2025ರ ಮಳೆಗಾಲ ಕಳೆದರೂ ಕಾಯುತ್ತಿದ್ದೇವೆ. ನಮ್ಮ ಕಡೆ ಪ್ರತಿ ವರ್ಷ ಹಳ್ಳ ದಾಟಲು ಅಡಿಕೆ ದಬ್ಬೆ ಕಟ್ಟಿ ಮಾಡುವ ಕಾಲುಸಂಕವೂ ಮಳೆಗೆ ಕೊಚ್ಚಿಹೋಗುತ್ತದೆ, ನಿಜ. ಆದರೆ ಕೊಚ್ಚಿಹೋಗುವ ಮೊದಲು ನಾಲ್ಕು ಜನ ಅದರ ಮೇಲೆ ದಾಟಿರುತ್ತಾರೆ.

ಈ ಸುಧಾರಣೆಯ ಸೌಂದರ್ಯ ಗಮನಿಸಬೇಕು. ಜಿಲ್ಲಾ ಪಂಚಾಯ್ತಿಯಲ್ಲಿ ಕರಾವಳಿಯ ಸದಸ್ಯರು ಎಷ್ಟು? ಸೊನ್ನೆ. ಘಟ್ಟದ ಮೇಲಿನವರು ಎಷ್ಟು? ಸೊನ್ನೆ. ಜನಸಂಖ್ಯೆಯ ಆಧಾರದಲ್ಲಿ ಹಂಚಿದರೆ ಕಾಡೇ ಹೆಚ್ಚಿರುವ ಜೋಯಿಡಾಕ್ಕೆ ಅನ್ಯಾಯ, ವಿಸ್ತೀರ್ಣದ ಆಧಾರದಲ್ಲಿ ಹಂಚಿದರೆ ಕಿಕ್ಕಿರಿದ ಭಟ್ಕಳಕ್ಕೆ ಅನ್ಯಾಯ ಎಂಬ ತಕರಾರು ಒಂದೇ ಏಟಿಗೆ ಬಗೆಹರಿಯಿತು. ಕಾರವಾರದ ಜಿಲ್ಲಾ ಪಂಚಾಯ್ತಿ ಸಭಾಂಗಣದಲ್ಲಿ ಕೈಗಾರಿಕೆಯ ಕರಾವಳಿಯೂ ಕೃಷಿಯ ಮಲೆನಾಡೂ ಒಂದೇ ಅಳತೆಯಲ್ಲಿ ಗೈರುಹಾಜರಾಗಿವೆ.

ಹಾಗೆಂದು ಚರ್ಚಿಸಲು ವಿಷಯಗಳಿಲ್ಲವೆಂದಲ್ಲ. ಅಂಕೋಲಾದ ಕೇಣಿಯಲ್ಲಿ ಬಂದರು ಬೇಡವೆಂದು ಮೀನುಗಾರರು ಬೀದಿಗಿಳಿದಿದ್ದಾರೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಅದೇ ಕಥೆ. ಬೇಡ್ತಿ–ವರದಾ ನದಿ ಜೋಡಣೆ ಬೇಡವೆಂದು ಶಿರಸಿ, ಯಲ್ಲಾಪುರದ ತೋಟಿಗರು ಸಭೆ ಕರೆದಿದ್ದಾರೆ. ಬೇಡ್ತಿಯೇ ಘಟ್ಟ ಇಳಿದು ಗಂಗಾವಳಿಯಾಗಿ ಅಂಕೋಲಾ ಸೀಮೆಯಲ್ಲಿ ಸಮುದ್ರ ಸೇರುತ್ತದೆ. ಮೇಲೆ ನೀರು ತಿರುಗಿಸಿದರೆ ಕೆಳಗಿನ ಅಳಿವೆಯ ಮೀನಿಗೂ ಪೆಟ್ಟು ಬೀಳುತ್ತದೆ. ಅಂದರೆ ತೋಟಿಗ ಮತ್ತು ಮೀನುಗಾರ ಒಂದೇ ನದಿಯ ಎರಡು ತುದಿಯವರು. ಇವರಿಬ್ಬರೂ ಆರಿಸಿ ಕಳುಹಿಸಿದವರು ಅಕ್ಕಪಕ್ಕ ಕುಳಿತು ಜಗಳವಾಡಬಹುದಾಗಿದ್ದ ಜಿಲ್ಲೆಯ ಏಕೈಕ ಮನೆ ಈ ಜಿಲ್ಲಾ ಪಂಚಾಯ್ತಿಯೇ ಆಗಿತ್ತು. ಈಗ ಅಲ್ಲಿ ಆಡಳಿತಾಧಿಕಾರಿಯ ಆಳ್ವಿಕೆ. ಅವರು ಯಾರೊಂದಿಗೂ ಜಗಳವಾಡುವಂತಿಲ್ಲ, ಏಕೆಂದರೆ ಎದುರಿಗೆ ಯಾರೂ ಇಲ್ಲ. ಹಳ್ಳಿಯ ರಸ್ತೆ, ಆರೋಗ್ಯ ಕೇಂದ್ರ, ಶಾಲೆಯ ಮಾಡು ಇವುಗಳ ಬಗ್ಗೆ ಕೇಳಬೇಕಾದವನು ಸೀದಾ ಶಾಸಕರಲ್ಲಿಗೆ ಹೋಗಬೇಕು. ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ನಾಯಕ ಬೆಳೆಯದಿರುವುದು ಶಾಸಕರಿಗೆ ಅಸಮಾಧಾನದ ವಿಷಯವೆಂದು ನಾನಂತೂ ಇದುವರೆಗೆ ಕೇಳಿಲ್ಲ. ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ಈ ಒಂದು ವಿಷಯದಲ್ಲಿ ಮಾತ್ರ ಎಂಥ ಒಮ್ಮತ!

ಇನ್ನೂ ಮಜವಾದದ್ದು 2021ರ ಡಿಸೆಂಬರಿನಲ್ಲಿ ನಡೆಯಿತು. ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿನ 25 ಸ್ಥಾನಗಳಿಗೆ ಚುನಾವಣೆಯಾಯಿತು; ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಸದಸ್ಯರೂ ಆ ಚುನಾವಣೆಯ ಮತದಾರರು, ಆದರೆ ಆ ಹೊತ್ತಿಗೆ ಅಂಥ ಸದಸ್ಯರೇ ಇರಲಿಲ್ಲ. ಮದುಮಗಳಿಲ್ಲವೆಂದು ಮುಹೂರ್ತ ತಪ್ಪಿಸಲಾದೀತೇ?

ಗಡುವಿನ ಮೇಲೆ ಗಡುವು ಕೇಳಿದ ಸರ್ಕಾರಕ್ಕೆ 2022ರ ಡಿಸೆಂಬರಿನಲ್ಲಿ ಹೈಕೋರ್ಟು 5 ಲಕ್ಷ ರೂಪಾಯಿ ದಂಡ ವಿಧಿಸಿತು. ಸರ್ಕಾರದ ದಂಡವೆಂದರೆ ತೆರಿಗೆಯ ಹಣ. ಆರು ಕೋಟಿಗೂ ಮಿಕ್ಕಿದ ಜನರ ಮೇಲೆ ಹಂಚಿದರೆ ತಲೆಗೆ ಒಂದು ಪೈಸೆಯೂ ಬೀಳುವುದಿಲ್ಲ. ಆದರೂ ಆ ಚೂರಿನಲ್ಲಿ ಕೇಣಿಯ ಮೀನುಗಾರನ ಪಾಲು ಎಷ್ಟೋ, ಶಿರಸಿ ಬಳಿಯ ಸೋಂದೆಯ ತೋಟಿಗನ ಪಾಲೂ ಅಷ್ಟೇ.