ದರಪಟ್ಟಿಯಲ್ಲಿ ಇಲ್ಲದ ನದಿ

ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರಿದರೆ, ಅದೇ ಬೆಟ್ಟಸಾಲಿನ ಜಯಮಂಗಲಿ ಉತ್ತರಕ್ಕೆ ಮುಖ ಮಾಡಿ, ಕೊರಟಗೆರೆ ಮತ್ತು ಮಧುಗಿರಿಯ ಹೊಲಗಳ ನಡುವೆ ಸುತ್ತಿ ಬಳಸಿ, ಆಂಧ್ರದ ಗಡಿ ದಾಟಿ ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ಒಂದೇ ತವರಿನ ಇಬ್ಬರು ಹೆಣ್ಣುಮಕ್ಕಳು ಹೀಗೆ ಎರಡು ದಿಕ್ಕಿಗೆ ಹೋದದ್ದಕ್ಕೆ ಯಾವ ಇಲಾಖೆಯ ಅನುಮೋದನೆಯೂ ಇರಲಿಲ್ಲ. ಸುತ್ತಿ ಬಳಸುವುದಕ್ಕಂತೂ ಇರಲೇ ಇಲ್ಲ. ಈ ಲೋಪವನ್ನು ಸರಿಪಡಿಸುವ ಕೆಲಸವು ಜಯಮಂಗಲಿಯನ್ನು ಸೇರುವ ನಮ್ಮೂರ ಹಳ್ಳದಿಂದ ಆರಂಭವಾಗಿದ್ದು, ಫಲಕದ ಮೇಲೆ ಅದಕ್ಕೆ ‘ನೈಸರ್ಗಿಕ ಆವಾಸ ಪುನಶ್ಚೇತನ ಕಾಮಗಾರಿ’ ಎಂದು ಬರೆಯಲಾಗಿದೆ.

ಗುದ್ದಲಿ ಪೂಜೆಯ ಮರುದಿನವೇ, ಪುನಶ್ಚೇತನಗೊಳ್ಳಬೇಕಾಗಿದ್ದ ಆವಾಸವನ್ನು ಎರಡು ಜೆಸಿಬಿಗಳು ಬುಡಸಮೇತ ಕಿತ್ತು ಹಾಕಿದವು. ದಡದ ಈಚಲು, ಹೊಂಗೆ, ಲಕ್ಕಿ, ನೀರಂಚಿನ ಜೊಂಡು ಎಲ್ಲವೂ ಕಡತದಲ್ಲಿ ‘ಗಿಡಗಂಟಿ’ ಎಂಬ ಒಂದೇ ಹೆಸರಿನಲ್ಲಿ ದಾಖಲಾದವು. ನೀರಿನ ಮೇಲಕ್ಕೆ ಬಾಗಿದ್ದ ಈಚಲು ಗರಿಗಳಿಗೆ ಗೀಜಗಗಳು ಗೂಡು ನೇತುಹಾಕುತ್ತಿದ್ದವು ಎಂಬ ಆಕ್ಷೇಪಕ್ಕೆ, ಗೂಡುಗಳನ್ನು ಅಳತೆ ಪುಸ್ತಕದಲ್ಲಿ ಪ್ರತ್ಯೇಕವಾಗಿ ತೋರಿಸಲು ಅವಕಾಶವಿಲ್ಲ ಎಂಬ ಸಮರ್ಪಕ ಉತ್ತರ ದೊರೆಯಿತು. ನ್ಯಾಯವಾಗಿ ಹೇಳಬೇಕೆಂದರೆ, ಹಳ್ಳದ ನೀರು ಕುಡಿದು ಬೆಳೆದಿದ್ದ ಬಳ್ಳಾರಿ ಜಾಲಿಯನ್ನೂ ಅವರು ಬಿಡಲಿಲ್ಲ. ಅದು ಮಾತ್ರ ಒಂದು ಪೈಸೆಯ ಅನುದಾನವನ್ನೂ ಬೇಡದೆ, ಮೂರೇ ತಿಂಗಳಲ್ಲಿ ಬುಡದಿಂದ ಚಿಗುರಿ ಆಳೆತ್ತರ ನಿಂತಿತು. ಇಡೀ ಕಾಮಗಾರಿಯಲ್ಲಿ ನಿಜವಾಗಿ ಪುನಶ್ಚೇತನಗೊಂಡದ್ದು ಅದೊಂದೇ.

ಆಮೇಲೆ ತಿರುವುಗಳ ಸರದಿ. ಹಳ್ಳ ಬಾಗುವಲ್ಲಿ ಹೊರದಡಕ್ಕೆ ನೀರು ರಭಸದಿಂದ ಬಡಿದು ಆಳವಾದ ಮಡು ಬೀಳುತ್ತದೆ. ಒಳದಡದಲ್ಲಿ ನೀರು ನಿಧಾನವಾಗಿ ಮರಳು ಕೂಡುತ್ತದೆ. ಬೇಸಿಗೆಯಲ್ಲಿ ಹಳ್ಳವೆಲ್ಲ ಒಣಗಿದರೂ ಮೀನು, ಏಡಿ, ಕಪ್ಪೆಗಳು ಆ ಮಡುವಿನಲ್ಲಿ ಜೀವ ಹಿಡಿದುಕೊಂಡಿದ್ದು, ಮಳೆ ಬಿದ್ದೊಡನೆ ಅಲ್ಲಿಂದ ಮತ್ತೆ ಹರಡಿಕೊಳ್ಳುತ್ತವೆ. ಮರಳಿನಲ್ಲಿ ಮೊಳಕಾಲುದ್ದ ಚಿಲುಮೆ ತೋಡಿದರೆ ಕುಡಿಯುವ ನೀರು ಒಸರುತ್ತದೆ. ಇದನ್ನು ಬಲ್ಲ ನಮ್ಮೂರ ಹಿರಿಯರೊಬ್ಬರು ಇಂಜಿನಿಯರರ ಬಳಿ ಹೋಗಿ, “ಸ್ವಾಮಿ, ಬಾಗು ತೆಗೆದುಬಿಟ್ಟರೆ ಮಡು ಎಲ್ಲಿ ಬೀಳಬೇಕು?” ಎಂದು ಕೇಳಿದರು. “ಯಜಮಾನ್ರೇ, ಅಂದಾಜುಪಟ್ಟಿಯಲ್ಲಿ ಮಡು ಇಲ್ಲ,” ಎಂದು ಅವರು ಬಹಳ ಸಮಾಧಾನದಿಂದಲೇ ತಿಳಿಸಿದರು.

ಈ ಮಾತಿನಲ್ಲಿ ಕುಹಕವಿಲ್ಲ, ಸತ್ಯವಿದೆ. ಸರ್ಕಾರಿ ದರಪಟ್ಟಿಯಲ್ಲಿ ಮಣ್ಣು ಅಗೆಯುವುದಕ್ಕೆ ಘನ ಮೀಟರಿಗೆ ಇಷ್ಟು, ಕಾಂಕ್ರೀಟಿಗೆ ಇಷ್ಟು ಎಂದು ದರವಿದೆ. ನೆರಳಿಗೆ ದರವಿಲ್ಲ, ನೀರಿಗೆ ಬಿದ್ದು ಕೊಳೆಯುತ್ತ ಮೀನುಮರಿಗೆ ಮರೆಯಾಗುವ ಕೊಂಬೆಗೆ ದರವಿಲ್ಲ, ಬೇರುಗಳ ಸಿಕ್ಕಿಗೆ ದರವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹಳ್ಳವನ್ನು ಅದರ ಪಾಡಿಗೆ ಬಿಟ್ಟು, ದನಕರು ತುಳಿಯದಂತೆ ಎರಡು ಮಳೆಗಾಲ ಕಾಯುವ ಕೆಲಸಕ್ಕೆ ದರವೇ ಇಲ್ಲ. ಏನೂ ಮಾಡದಿದ್ದುದಕ್ಕೆ ಬಿಲ್ಲು ಬರೆಯುವ ವಿದ್ಯೆ ನಮ್ಮಲ್ಲಿ ಇಲ್ಲವೆಂದಲ್ಲ. ಅದನ್ನು ಬೇರೆ ಕಾಮಗಾರಿಗಳಿಗೆ ಮೀಸಲಿಡಲಾಗಿದೆ.

ಹಾಗಾಗಿ ಹಳ್ಳ ನೆಟ್ಟಗಾಯಿತು, ಎರಡೂ ಬದಿಗೆ ತಡೆಗೋಡೆ ಎದ್ದಿತು. ವರ್ಷಗಳ ಕಾಲ ರಾತ್ರೋರಾತ್ರಿ ಟ್ರ್ಯಾಕ್ಟರು ಹತ್ತಿ ಹೋಗಿದ್ದ ಮರಳು, ಗೋಡೆಯ ರೂಪದಲ್ಲಿ ಹಗಲು ಹೊತ್ತಿನಲ್ಲೇ ಹಳ್ಳಕ್ಕೆ ಮರಳಿತು. ನೆಟ್ಟಗಾದ ಹಳ್ಳದಲ್ಲಿ ನೀರು ಹೆಚ್ಚು ರಭಸದಿಂದ ಓಡಿ, ತಳವನ್ನು ಕೊರೆದು, ಅಕ್ಕಪಕ್ಕದ ಭೂಮಿಯ ನೀರನ್ನೂ ಕೆಳಕ್ಕೆ ಎಳೆದುಕೊಳ್ಳುತ್ತದೆ ಎಂಬುದು ತೋಟದವರ ಚಿಂತೆ. ಸಾವಿರ ಅಡಿಗೂ ಕೊಳವೆಬಾವಿ ಕೊರೆಸಿ ಅಭ್ಯಾಸವಿರುವ ಸೀಮೆಯವರು ಇಷ್ಟಕ್ಕೆಲ್ಲ ಎದೆಗುಂದಬಾರದು.

ಪ್ರಕೃತಿಗೆ ಅನ್ಯಾಯವಾಯಿತು ಎನ್ನುವಂತಿಲ್ಲ, ಏಕೆಂದರೆ ಗೋಡೆಯ ತುದಿಯಲ್ಲಿ ಸಿಮೆಂಟಿನ ಮಿಂಚುಳ್ಳಿಯೊಂದನ್ನು ಕೂರಿಸಿ, ಅದಕ್ಕೆ ನೀಲಿ ಬಣ್ಣ ಬಳಿದು, ಎದುರಿಗೆ ಫೋಟೊ ತೆಗೆಸಿಕೊಳ್ಳುವವರಿಗಾಗಿ ಕಟ್ಟೆಯನ್ನೂ ಕಟ್ಟಲಾಗಿದೆ. ನಿಜವಾದ ಮಿಂಚುಳ್ಳಿಯು ಕಡಿದಾದ ಮಣ್ಣಿನ ದಡದಲ್ಲಿ ಕೊಕ್ಕಿನಿಂದ ಬಿಲ ಕೊರೆದು ಮೊಟ್ಟೆಯಿಡುವ ಹಕ್ಕಿ. ಕಾಂಕ್ರೀಟಿನಲ್ಲಿ ಕೊರೆಯುವ ಸೌಲಭ್ಯ ಅದರ ಕೊಕ್ಕಿಗಿಲ್ಲ. ಸಿಮೆಂಟಿನದಕ್ಕೆ ಗೂಡಿನ ಗೊಡವೆಯಿಲ್ಲ, ಮೀನಿನ ಹಂಬಲವಿಲ್ಲ, ಉದ್ಘಾಟನೆಯ ದಿನ ಅದು ಎಲ್ಲಿಗೂ ಹಾರಿಹೋಗಲಿಲ್ಲ.

ಈ ಬಾರಿ ಹಿಂಗಾರು ಜೋರಾಯಿತು. ಒಂದೇ ರಾತ್ರಿಯಲ್ಲಿ ಹಳ್ಳವು ಹಳೆಯ ಬಾಗನ್ನು ನೆನಪಿಸಿಕೊಂಡು, ನಲವತ್ತು ಅಡಿ ಗೋಡೆಯನ್ನು ಮಗುಚಿ, ಮುಚ್ಚಿಹಾಕಿದ್ದ ತನ್ನ ಮಡುವಿಗೆ ಹೋಗಿ ನಿಂತಿತು. ಹಳ್ಳವು ಸರ್ಕಾರಿ ಜಾಗವನ್ನು ಒತ್ತುವರಿ ಮಾಡಿದೆಯೆಂದು ನೋಟಿಸು ಕೊಡಲು ಸಾಧ್ಯವೇ ಎಂಬ ಬಗ್ಗೆ ಚರ್ಚೆ ನಡೆಯಿತಂತೆ. ವಿಳಾಸ ಖಚಿತವಾಗದ ಕಾರಣ ಅದನ್ನು ಕೈಬಿಡಲಾಯಿತು.

ದುರಸ್ತಿಯ ಅಂದಾಜುಪಟ್ಟಿ ಈಗ ಸಿದ್ಧವಾಗಿದೆ. ಗೋಡೆ ಬಿದ್ದ ಕಡೆ ತೆರೆದುಕೊಂಡ ಹಸಿ ಮಣ್ಣಿನ ದಡದಲ್ಲಿ ಎಲ್ಲಿಂದಲೋ ಬಂದ ಜೋಡಿ ಮಿಂಚುಳ್ಳಿಗಳು ಬಿಲ ಕೊರೆದಿದ್ದು, ಸ್ಥಳ ಪರಿಶೀಲನೆಯ ವರದಿಯಲ್ಲಿ ಅದು ‘ದಡಕ್ಕೆ ಆದ ಹಾನಿ: ರಂಧ್ರ ಒಂದು, ಕಾಂಕ್ರೀಟಿನಿಂದ ತುಂಬತಕ್ಕದ್ದು’ ಎಂದು ನಮೂದಾಗಿದೆ. ಅದರ ಕೆಳಗಿನ ಸಾಲಿನಲ್ಲಿ ಸಿಮೆಂಟಿನ ಮಿಂಚುಳ್ಳಿಗೆ ಎರಡನೆಯ ಸುತ್ತಿನ ಬಣ್ಣವಿದೆ.