ಕೋವಿ ನಮ್ಮ ಮನೆಯಲ್ಲೇ ಇರಲಿ, ಗುಂಡುಗಳಿಗೆ ಬೀಗ ಬೀಳಲಿ

ಕೊಡಗಿನಲ್ಲಿ ಆಯುಧ ಪೂಜಿಸುವ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂದರೆ ಸಾಕು, ಇಲ್ಲಿ ಅದೇ ಜಗಳ ಶುರು. "ಇಡೀ ದೇಶಕ್ಕೆ ಒಂದು ಕಾನೂನು, ಕೊಡವರಿಗೆ ಮಾತ್ರ ಇನ್ನೊಂದಾ? ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಕಿತ್ತುಹಾಕಿ" ಅಂತ ಒಂದು ಕಡೆಯವರು. "ನಮ್ಮ ಕೋವಿ ಮುಟ್ಟಿ ನೋಡಿ" ಅಂತ ನಮ್ಮವರು. ನಾನು ನಮ್ಮವರ ಕಡೆಯವಳೇ. ವಿನಾಯಿತಿ ಉಳಿಯಬೇಕು ಅಂತ ಮನಸಾರೆ ಬಯಸುವವಳು. ಆದರೆ ನಮ್ಮ ಕಡೆಯವರು ಯಾರೂ ಬಾಯಿ ಬಿಟ್ಟು ಹೇಳದ ಒಂದು ಮಾತಿದೆ. ಅದನ್ನು ಹೇಳಲೇಬೇಕು ಅಂತ ಇವತ್ತು ಕೂತಿದ್ದೇನೆ.

ಮೊದಲು ಹೊರಗಿನ ಸ್ನೇಹಿತರಿಗೆ ಎರಡು ಮಾತು. ಕೊಡಗಿನಲ್ಲಿ ಯಾರು ಬೇಕಾದರೂ ಕೋವಿ ಇಟ್ಟುಕೊಳ್ಳಬಹುದು ಅನ್ನುವುದು ಸುಳ್ಳು. ಹುಟ್ಟಿನಿಂದ ಕೊಡವರಾದವರಿಗೆ ಮತ್ತು ಜಮ್ಮಾ ಭೂಮಿ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಇರುವವರಿಗೆ ಮಾತ್ರ ಪರವಾನಗಿಯಿಂದ ವಿನಾಯಿತಿ. ಜಮ್ಮಾ ಹಿಡುವಳಿದಾರರಲ್ಲಿ ಗೌಡರೂ ಇದ್ದಾರೆ, ಬೇರೆ ಸಮುದಾಯದವರೂ ಇದ್ದಾರೆ. ಎಲ್ಲಿಂದಲೋ ಬಂದು ಎಸ್ಟೇಟ್ ಕೊಂಡವರು ಎಲ್ಲರ ಹಾಗೆ ಲೈಸೆನ್ಸ್ ಮಾಡಿಸಲೇಬೇಕು. ಇದು ಶುರುವಾದದ್ದು 1861ರಲ್ಲಿ, ಬ್ರಿಟಿಷರ ಕಾಲದಲ್ಲಿ, ಆಗಿನ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ಆದೇಶದಿಂದ. ಸ್ವಾತಂತ್ರ್ಯ ಬಂದ ಮೇಲೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲೂ ಮುಂದುವರಿಯಿತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು ಹತ್ತು ವರ್ಷಕ್ಕೆ ನವೀಕರಿಸಿತು. ಅದು 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಇದರ ವಿರುದ್ಧ ಹೈಕೋರ್ಟಿಗೆ ಹೋದವರಿದ್ದರು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಇದು ಶಾಶ್ವತ ಅಲ್ಲ, ಹತ್ತು ವರ್ಷಕ್ಕೆ, ಷರತ್ತುಗಳ ಜೊತೆ ಕೊಟ್ಟಿದ್ದು ಅನ್ನುವುದನ್ನೂ ಗಮನಿಸಿತು. ನಮ್ಮವರು ತೀರ್ಪಿನ ಮೊದಲ ಅರ್ಧವನ್ನು ಮಾತ್ರ ಸ್ಟೇಟಸ್ ಹಾಕಿಕೊಂಡರು.

ನಮಗೆ ಕೋವಿ ಅಂದರೆ ಏನು ಅಂತ ಬಿಡಿಸಿ ಹೇಳುವುದು ಕಷ್ಟ. ಗಂಡು ಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಎರಡು ಗುಂಡು. ಆ ಸದ್ದು ಕೇಳಿಯೇ ಊರು ಸೇರುತ್ತಿತ್ತು. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡಿನ ಸದ್ದಾಗಬೇಕು. ಕೈಲ್‌ಪೊಳ್ದ್ ದಿನ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲವನ್ನೂ ಒರೆಸಿ, ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ, ದೀಪದ ಮುಂದೆ ಇಟ್ಟು ಕೈಮುಗಿಯುತ್ತೇವೆ. ಇದನ್ನೆಲ್ಲ ಬರೀ ಮಾರಕಾಸ್ತ್ರದ ಗೀಳು ಅಂತ ಯಾರಾದರೂ ಕರೆದರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ನಮ್ಮನ್ನು ಅಮೆರಿಕಕ್ಕೆ ಹೋಲಿಸುವವರು ಅಲ್ಲಿನ ಶಾಲೆಗಳಲ್ಲಿ ನಡೆದ ಗುಂಡಿನ ದಾಳಿಗಳನ್ನು ತೋರಿಸುತ್ತಾರೆ. ಕೊಡಗು ಹಾಗಿಲ್ಲ, ಅಷ್ಟು ನಮಗೂ ಗೊತ್ತು. ಆದರೆ ಅಮೆರಿಕದ ಲೆಕ್ಕವನ್ನು ಪೂರ್ತಿ ನೋಡಿ. 2021ರಲ್ಲಿ ಅಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಅದರಲ್ಲಿ 26,328 ಜನರದ್ದು ಆತ್ಮಹತ್ಯೆ. ಅರ್ಧಕ್ಕಿಂತ ಜಾಸ್ತಿ! ಕಳ್ಳನಲ್ಲ, ದರೋಡೆಕೋರನಲ್ಲ. ಮನೆಯವರೇ, ಮನೆಯ ಕೋವಿಯೇ.

ನಮ್ಮ ಜಿಲ್ಲೆಯಲ್ಲೂ ಪತ್ರಿಕೆ ಓದುವವರಿಗೆ ಗೊತ್ತಿರುವ ಸುದ್ದಿಗಳಿವೆ. ಹಂದಿ ಅಂದುಕೊಂಡು ಹೊಡೆದ ಗುಂಡಿಗೆ ಜೊತೆಗೆ ಬಂದವನೇ ಬಲಿಯಾದದ್ದು. ಬೇಟೆ ಕಾನೂನಿನ ಪ್ರಕಾರ ಅಪರಾಧ, ಆದರೂ ನಿಂತಿಲ್ಲ. ತೋಟದ ಪಾಲಿನ ಜಗಳ, ಎರಡು ಪೆಗ್ ಒಳಗೆ ಹೋದ ಮೇಲೆ ಗೋಡೆಯಲ್ಲಿದ್ದ ಕೋವಿ ಕೈಗೆ ಬಂದದ್ದು. ಮತ್ತೆ, ನಾವು "ಕೋವಿ ಕ್ಲೀನ್ ಮಾಡುವಾಗ ಆಕಸ್ಮಿಕವಾಗಿ" ಅಂತ ಹೇಳಿ ಮುಗಿಸಿಬಿಡುವ ಕೆಲವು ಸಾವುಗಳು.

ನಮ್ಮ ಊರಿನ ಒಂದು ಮನೆಯ ವಿಷಯ ನನಗೆ ಹತ್ತಿರದಿಂದ ಗೊತ್ತು. ಹೆಸರು ಬೇಡ. ಕಾಲೇಜಿಗೆ ಹೋಗುತ್ತಿದ್ದ ಹುಡುಗ. ತಿಂಗಳುಗಳಿಂದ ಯಾರ ಜೊತೆಗೂ ಸರಿಯಾಗಿ ಮಾತಿಲ್ಲ, ಊಟ ಇಲ್ಲ, ಮನೆಯವರಿಗೆಲ್ಲ ಗಾಬರಿ. ವೈದ್ಯರ ಹತ್ತಿರವೂ ಕರೆದುಕೊಂಡು ಹೋಗಿದ್ದರು. ಎಲ್ಲ ಮಾಡಿದ್ದರು. ಕೋವಿಯನ್ನು ಮಾತ್ರ ಮನೆಯಿಂದ ಆಚೆ ಇಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ವೈದ್ಯರೂ ಹೇಳಲಿಲ್ಲ, ನೆಂಟರೂ ಹೇಳಲಿಲ್ಲ. ಕೊಡಗಿನ ಮನೆಯಲ್ಲಿ ಕೋವಿ ಇದ್ದೇ ಇರುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆಮೇಲೆ ಸಾವಿನ ಮನೆಯಲ್ಲಿ ಹಿರಿಯರೊಬ್ಬರು, "ಕೋವಿ ಇಲ್ಲದಿದ್ದರೆ ಬೇರೆ ದಾರಿ ಹುಡುಕುತ್ತಿದ್ದ ಬಿಡಿ, ಹಣೆಬರಹ" ಅಂದರು. ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಯಾಕೆಂದರೆ ಅದು ನಿಜ ಅಲ್ಲ. ಸಾಯಬೇಕು ಅನ್ನುವ ಆ ತೀವ್ರ ಗಳಿಗೆ ಎಷ್ಟೋ ಸಲ ಬಂದು ಹೋಗುವಂಥದ್ದು. ಅದನ್ನು ದಾಟಿ ಬದುಕಿದವರಲ್ಲಿ ಹೆಚ್ಚಿನವರು ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆದರೆ ಕೈಗೆ ಸಿಕ್ಕಿದ್ದು ಕೋವಿಯಾದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಉಳಿಯುವುದಿಲ್ಲ. ಇಸ್ರೇಲ್ ಸೇನೆ 2006ರಲ್ಲಿ ಒಂದು ಸಣ್ಣ ಬದಲಾವಣೆ ಮಾಡಿತು. ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು, ಅಷ್ಟೇ. ಯುವ ಸೈನಿಕರ ಆತ್ಮಹತ್ಯೆ ಶೇಕಡಾ 40ರಷ್ಟು ಇಳಿಯಿತು. ಸ್ವಿಟ್ಜರ್ಲೆಂಡ್‌ನಲ್ಲಿ ಸೈನಿಕರು ಸೇನೆಯ ರೈಫಲ್ ಅನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಹಳೆಯ ಪದ್ಧತಿ. 2007ರಲ್ಲಿ ಅವರು ಸೇನೆಯ ಗುಂಡುಗಳನ್ನು ಮನೆಯಲ್ಲಿ ಇಡುವುದನ್ನು ನಿಲ್ಲಿಸಲು ತೀರ್ಮಾನಿಸಿದರು. ರೈಫಲ್ ಮನೆಯಲ್ಲಿ ಉಳಿಯಿತು, ಗುಂಡು ಹೊರಗೆ ಹೋಯಿತು. ಸ್ವಿಸ್ಸರ ಪರಂಪರೆ ಅದರಿಂದ ಹಾಳಾಯಿತಾ?

ನಮ್ಮ ಪರಂಪರೆಯಲ್ಲೇ ಇದು ಇದೆ ಅನ್ನುವುದನ್ನು ನಾವು ಮರೆತಿದ್ದೇವೆ. ಕೈಲ್‌ಪೊಳ್ದ್ ಯಾಕೆ ಬಂತು? ಗದ್ದೆ ಕೆಲಸದ ದಿನಗಳಲ್ಲಿ ಆಯುಧಗಳನ್ನು ದೇವರ ಕೋಣೆಯಲ್ಲಿ ಇಟ್ಟುಬಿಡುತ್ತಿದ್ದರು. ನಾಟಿ ಮುಗಿದ ಮೇಲೆ ಪೂಜೆ ಮಾಡಿ ಹೊರಗೆ ತೆಗೆಯುತ್ತಿದ್ದರು. ಆ ದಿನವೇ ಈ ಹಬ್ಬ. ಕೋವಿಯನ್ನು ಎತ್ತಿಡುವುದಕ್ಕೂ ಹಿರಿಯರು ಒಂದು ಕಾಲ ಇಟ್ಟಿದ್ದರು. ನಾವು ಹೊರಗೆ ತೆಗೆಯುವ ಹಬ್ಬವನ್ನು ಮಾತ್ರ ಉಳಿಸಿಕೊಂಡು, ಒಳಗೆ ಇಡುವುದನ್ನು ಬಿಟ್ಟೆವು.

ಇನ್ನೊಂದು. ಬೇರೆಯವರು ಲೈಸೆನ್ಸ್ ಕೇಳಿದರೆ 2016ರ ನಿಯಮಗಳ ಪ್ರಕಾರ ಸುರಕ್ಷತಾ ತರಬೇತಿ ಬೇಕು, ಆರೋಗ್ಯದ ಪ್ರಮಾಣಪತ್ರ ಬೇಕು, ಕೋವಿಯನ್ನು ಎಲ್ಲಿ ಹೇಗೆ ಇಡುತ್ತೇನೆ ಅಂತ ಹೇಳಬೇಕು. ಲೈಸೆನ್ಸೇ ಬೇಡದ ನಮಗೆ ಆ ಮೆಟ್ಟಿಲೂ ಇಲ್ಲ. "ನಮ್ಮ ಮಕ್ಕಳಿಗೆ ರಕ್ತದಲ್ಲೇ ಬಂದಿದೆ" ಅನ್ನುತ್ತೇವೆ. ಅಜ್ಜನ ಕಾಲದಲ್ಲಿ ಅದು ನಿಜ ಇರಬಹುದು, ಆಗ ಕೋವಿ ಕೈಗೆ ಕೊಡುವ ಮೊದಲು ವರ್ಷಗಟ್ಟಲೆ ಕಲಿಸುತ್ತಿದ್ದರು. ಈಗ ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಹುಡುಗ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ದಿನವೇ ಮೊದಲ ಸಲ ಕೋವಿ ಮುಟ್ಟುತ್ತಾನೆ. ಸ್ಪರ್ಧೆ ನಡೆಸುವವರು ಅವನಿಗೆ ಬೆಳಗ್ಗೆ ಒಂದು ಗಂಟೆ ಕಲಿಸಿ, ಆಮೇಲೆ ನಿಲ್ಲಿಸಲಿ. ಮದುವೆ ಮನೆಯಲ್ಲಿ ಕುಡಿದು ಗಾಳಿಗೆ ಗುಂಡು ಹೊಡೆಯುವುದಂತೂ ಬೇಡವೇ ಬೇಡ. ಜನರ ಜೀವಕ್ಕೆ ಅಪಾಯ ಆಗುವಂತೆ ಸಂಭ್ರಮದ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಲ್ಲಿ ಎರಡು ವರ್ಷದವರೆಗೆ ಜೈಲು ಇದೆ. ಮದುವೆಯಲ್ಲಿ ಬಾಳೆ ಕಡಿಯೋಕೆ ಒಡಿಕತ್ತಿ ಇದೆಯಲ್ಲ, ಸಾಲದೇ?

ಆನೆ ಬರುತ್ತದೆ, ಕೋವಿ ಬೀರುವಿನಲ್ಲಿ ಇಟ್ಟರೆ ಹೇಗೆ ಅಂತ ಕೇಳುವವರಿದ್ದಾರೆ. ಸಿದ್ದಾಪುರದ ಕಡೆಯ ನಮ್ಮ ನೆಂಟರ ತೋಟದಲ್ಲಿ ಆನೆಯ ಕಾಟ ಎಷ್ಟು ಅಂತ ಕಣ್ಣಾರೆ ನೋಡಿದ್ದೇನೆ. ಬೀಗ ತೆಗೆಯಲು ಅರ್ಧ ನಿಮಿಷ ಸಾಕು. ತೋಟಾ (ಗುಂಡು) ಬೇರೆ ಕಡೆ, ಕೋವಿ ಬೇರೆ ಕಡೆ, ಬೀಗದ ಕೈ ದೊಡ್ಡವರೊಬ್ಬರ ಹತ್ತಿರ. ಇದಕ್ಕೆ ಯಾವ ಸರ್ಕಾರದ ಆದೇಶವೂ ಬೇಡ. ಪ್ರತಿ ಒಕ್ಕದ (ಮನೆತನದ) ಹಿರಿಯರು ವರ್ಷಕ್ಕೊಮ್ಮೆ ಐನ್‌ಮನೆಯಲ್ಲಿ (ಮೂಲ ಮನೆಯಲ್ಲಿ) ಸೇರಿದಾಗ ಹೇಳಿದರೆ ಆಗುತ್ತದೆ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಿ ಅಂತ ಆದೇಶ ಬರುತ್ತದೆ. ಗೊಣಗುತ್ತೇವೆ, ಬೆಳೆಗಾರರು ಮನವಿ ಕೊಡುತ್ತಾರೆ, ಆದರೂ ಎಷ್ಟೋ ಜನ ಇಟ್ಟು ಬರುತ್ತೇವೆ. ಮತ ಎಣಿಕೆಗಾಗಿ ಕೋವಿ ಬಿಟ್ಟಿರಲು ಆಗುತ್ತದೆ ಅಂದರೆ, ಮನೆಯಲ್ಲಿ ಒಂದು ಜೀವ ನರಳುತ್ತಿರುವಾಗ ಯಾಕೆ ಆಗುವುದಿಲ್ಲ? ಮಗ ಮಂಕಾಗಿದ್ದಾನೆ, ಗಂಡನ ಕುಡಿತ ಮಿತಿ ಮೀರಿದೆ, ಸಾಲದಿಂದ ಅಪ್ಪ ಕುಸಿದಿದ್ದಾರೆ ಅನ್ನಿಸಿದ ದಿನವೇ ಕೋವಿ ಮನೆಯಿಂದ ಆಚೆ ಹೋಗಲಿ. ಜೊತೆಗೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಕೊಡವ ಸಮಾಜಗಳಲ್ಲಿ, ಗೌಡ ಸಮಾಜಗಳಲ್ಲಿ ಇರುವ ಹಿರಿಯರಿಗೆ ನನ್ನ ಬೇಡಿಕೆ ಇಷ್ಟು. 2029ರ ನವೀಕರಣಕ್ಕೆ ಮನವಿ ಬರೆಯುವಾಗ ತರಬೇತಿ ಮತ್ತು ಬೀಗದ ಷರತ್ತನ್ನು ನಾವೇ ಮೊದಲು ಸೇರಿಸೋಣ, ಹೊರಗಿನವರು ಹೇರುವ ತನಕ ಕಾಯುವುದು ಬೇಡ. ಜಿಲ್ಲಾಡಳಿತದ ಹತ್ತಿರ ಇನ್ನೊಂದನ್ನೂ ಕೇಳೋಣ. ಮನೆಯ ಕಷ್ಟಕ್ಕೆ ಅಂತ ಹೆಂಡತಿಯೋ ತಾಯಿಯೋ ಕೋವಿ ಇಡಲು ಬಂದರೆ ಠಾಣೆಯಲ್ಲಿ ಯಾಕೆ ಏನು ಅಂತ ವಿಚಾರಣೆ ಮಾಡಬಾರದು. ಒಂದು ರಸೀದಿ ಬರೆದು ಕೊಟ್ಟು ಕಳಿಸಬೇಕು. ಚುನಾವಣೆ ಸಮಯದಲ್ಲಿ ಕೊಡುತ್ತಾರಲ್ಲ, ಅದೇ ರಸೀದಿ ಸಾಕು.